ಮಾಹಿಗೆ ಎರಡು ದಿನ: ಸೇತುವೆ ದಾಟಿದರೆ ಬೇರೆ ಆಡಳಿತ

ಮಾಹಿ ಕೇರಳದ ಕರಾವಳಿಯಲ್ಲಿದೆ, ಆದರೆ ಕೇರಳಕ್ಕೆ ಸೇರಿಲ್ಲ. ಅಲ್ಲಿಯ ಜನ ಮಾತಾಡುವುದು ಮಲಯಾಳ, ಅವರನ್ನು ಆಳುವ ಸರ್ಕಾರ ಇರುವುದು 600 ಕಿಲೋಮೀಟರಿಗೂ ದೂರದ ಪುದುಚೇರಿಯಲ್ಲಿ. ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರು ಹೋದರೆ ಒಂದು ಹೊಳೆ, ಒಂದು ಸೇತುವೆ. ಆಚೆ ದಡದಲ್ಲಿ ಈ ಪುಟ್ಟ ಪಟ್ಟಣ. ಸುತ್ತಲ ಹಳ್ಳಿಗಳನ್ನೆಲ್ಲ ಸೇರಿಸಿದರೂ ವಿಸ್ತೀರ್ಣ ಸುಮಾರು 9 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ 41,816. ನಮ್ಮ ಕಡೆಯ ಒಂದು ದೊಡ್ಡ ಪಂಚಾಯತಿನಷ್ಟು ಎನ್ನಬಹುದು.

ಮನೆಮಂದಿಯೊಂದಿಗೆ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿಗೆ ಮನೆ ಸೇರಬಹುದಾದ ಪ್ರವಾಸ ಇದು. ಸಮುದ್ರವಿದೆ, ಹೊಳೆಯಿದೆ, ಹಳೆಯ ಇಗರ್ಜಿಯಿದೆ, ನೆರಳಿನ ಪಾರ್ಕು ಇದೆ. ಅದಕ್ಕಿಂತ ಹೆಚ್ಚಾಗಿ, ಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಊರಿನಲ್ಲಿ ಕೇಳಿ ತಿಳಿಯಬೇಕಾದ ಒಂದು ಸಂಗತಿಯೂ ಇದೆ.

ಎಲ್ಲಿದೆ, ಹೇಗಿದೆ?

ಮಲಯಾಳದಲ್ಲಿ ಈ ಊರಿನ ಹಳೆಯ ಹೆಸರು ಮಯ್ಯಳಿ. ಹೊಳೆಗೂ ಅದೇ ಹೆಸರು. ವಯನಾಡಿನ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 54 ಕಿಲೋಮೀಟರು ಹರಿದು, ಇಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಹೊಳೆಯ ಉತ್ತರ ದಡದಲ್ಲಿರುವುದು ನ್ಯೂ ಮಾಹಿ. ಹೆಸರಿನಲ್ಲಿ ಮಾಹಿ ಇದ್ದರೂ ಅದು ಕೇರಳದ ಕಣ್ಣೂರು ಜಿಲ್ಲೆಯ ಊರು. ಸೇತುವೆ ದಾಟಿ ದಕ್ಷಿಣ ದಡಕ್ಕೆ ಬಂದರೆ ನಿಜವಾದ ಮಾಹಿ, ಪುದುಚೇರಿ ಕೇಂದ್ರಾಡಳಿತ ಪ್ರದೇಶ. ಅದೇ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ಪಟ್ಟಣ ಮುಗಿದು ಅಳಿಯೂರು ಬರುತ್ತದೆ. ಅದು ಮತ್ತೆ ಕೇರಳ, ಆದರೆ ಕಲ್ಲಿಕೋಟೆ ಜಿಲ್ಲೆ!

ಇಷ್ಟಕ್ಕೇ ಮುಗಿಯಲಿಲ್ಲ. ಹೊಳೆಯ ಉತ್ತರಕ್ಕೆ ಒಳನಾಡಿನಲ್ಲಿ ಪಳ್ಳೂರು, ಚಾಲಕ್ಕರ, ಪಂದಕ್ಕಲ್ ಎಂಬ ಹಳ್ಳಿಗಳೂ ಚೆರುಕಲ್ಲಾಯಿ ಎಂಬ ಗುಡ್ಡವೂ ಇವೆ. ಇವೂ ಮಾಹಿಗೆ ಸೇರಿದವೇ. ಅಂದರೆ ಮಾಹಿಯ ಪೇಟೆಯಿಂದ ಮಾಹಿಯ ಹಳ್ಳಿಗೆ ಹೋಗಬೇಕಾದರೆ ಕೇರಳವನ್ನು ದಾಟಿ ಹೋಗಬೇಕು. ಮಾಹಿ ಹೆಸರಿನ ರೈಲು ನಿಲ್ದಾಣ ಇರುವುದೂ ಮಾಹಿಯಲ್ಲಲ್ಲ, ಕೇರಳದ ಅಳಿಯೂರಿನಲ್ಲಿ. ರಸ್ತೆಯಲ್ಲಿ ಓಡುವ ವಾಹನಗಳ ನಂಬರು ನೋಡಿದರೆ ಗುರುತು ಸಿಗುತ್ತದೆ: ಪಿವೈ 03 ಎಂದಿದ್ದರೆ ಅದು ಮಾಹಿಯ ಗಾಡಿ.

ಹೋಗುವ ದಾರಿಯಲ್ಲಿ

ಕಾಸರಗೋಡಿನಿಂದ ಹೊರಡುವವರಿಗೆ ಎರಡು ದಾರಿಗಳಿವೆ. ಒಂದು ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಇನ್ನೂ ಎನ್.ಎಚ್.17. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಕಡಲ ಬದಿಯಲ್ಲೇ ಸಾಗಿ ಕಾಞಂಗಾಡು ಸೇರುವ ರಾಜ್ಯ ಹೆದ್ದಾರಿ. ಮಕ್ಕಳು ಜತೆಗಿದ್ದರೆ ಎರಡನೆಯದೇ ಮೇಲು. ಬೇಕಲ ಕೋಟೆ ಸಿಗುವುದು ಈ ದಾರಿಯಲ್ಲೇ.

ಚಂದ್ರಗಿರಿ ಹೊಳೆಯೇ ಮೊದಲನೆಯ ಗಡಿ. ತುಳುನಾಡು ಇಲ್ಲಿಗೆ ಮುಗಿದು ಮಲಯಾಳದ ನಾಡು ಶುರುವಾಗುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ದಡದ ಮೇಲೆ ಕೆಳದಿಯವರ ಕಾಲದ ಚಂದ್ರಗಿರಿ ಕೋಟೆಯಿದೆ.

ಅಲ್ಲಿಂದ ಮುಂದೆ ಬೇಕಲ. ಕಾಸರಗೋಡಿನಿಂದ ಸುಮಾರು 16 ಕಿಲೋಮೀಟರು. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇದು. ಸುಮಾರು 40 ಎಕರೆ ವಿಸ್ತಾರ, ಕೇರಳದಲ್ಲೇ ಅತ್ಯಂತ ದೊಡ್ಡದು. ಮುಂದೆ ಇದು ಹೈದರಾಲಿ, ಟಿಪ್ಪುವಿನ ವಶಕ್ಕೆ ಬಂತು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿನ ಹೆಸರೇ ಬೇಕಲ ಎಂದಿತ್ತು. ಮಣಿರತ್ನಂ ಅವರ 'ಬಾಂಬೆ' (1995) ಚಿತ್ರದ ಹಾಡೊಂದನ್ನು ಇಲ್ಲಿ ಚಿತ್ರಿಸಿದ ಮೇಲೆ ಹೊರಗಿನವರೂ ಬರತೊಡಗಿದರು. ಕೋಟೆ ಪುರಾತತ್ವ ಇಲಾಖೆಯ ವಶದಲ್ಲಿದ್ದು ಟಿಕೆಟು ಪಡೆದು ಒಳಗೆ ಹೋಗಬೇಕು. ಒಳಗೆ ನೆರಳು ಕಡಿಮೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಮುಗಿಸಿಕೊಂಡರೆ ಹಿರಿಯರಿಗೆ ಆಯಾಸವಾಗುವುದಿಲ್ಲ.

ಮುಂದೆ ಕಾಞಂಗಾಡು. ಇಲ್ಲಿಯೂ ಕೆಳದಿಯವರು ಕಟ್ಟಿದ ಕೋಟೆಯ ಅವಶೇಷವಿದೆ. ಅದರಿಂದಲೇ ಹೊಸದುರ್ಗ ಎಂಬ ಹೆಸರು ಬಂತು, ತಾಲೂಕಿಗೂ ಅದೇ ಹೆಸರು. ಮಲಯಾಳ ಮಾತಾಡುವ ಊರಿನ ನಡುವೆ ಅಚ್ಚ ಕನ್ನಡದ ಹೆಸರು ಇಂದಿಗೂ ಸರ್ಕಾರಿ ಕಾಗದದಲ್ಲಿ ಉಳಿದಿರುವುದು ಹೀಗೆ. 1730ರ ದಶಕದಲ್ಲಿ ಕೆಳದಿಯ ಸೈನ್ಯ ಇನ್ನೂ ದಕ್ಷಿಣಕ್ಕೆ, ಕೋಲತ್ತಿರಿ ಅರಸರ ಸೀಮೆಯೊಳಕ್ಕೂ ನುಗ್ಗಿತ್ತು.

ನೀಲೇಶ್ವರ, ಪಯ್ಯನ್ನೂರು, ತಳಿಪ್ಪರಂಬ ದಾಟಿದರೆ ಕಣ್ಣೂರು. ಹೆದ್ದಾರಿಯನ್ನು ಆರು ಪಥಕ್ಕೆ ಅಗಲ ಮಾಡಿದ್ದರಿಂದ ಹಳೆಯ ಗುರುತುಗಳೆಷ್ಟೋ ಮಾಯವಾಗಿವೆ. ಹತ್ತು ವರ್ಷದ ಹಿಂದೆ ಹೋಗಿ ಬಂದವರೂ ಒಮ್ಮೆ ದಾರಿ ಕೇಳಿಕೊಂಡೇ ಮುಂದುವರಿಯುವುದು ಒಳ್ಳೆಯದು. ಬೇಕಲದಲ್ಲಿ ನಿಲ್ಲದಿದ್ದರೆ ಕಾಸರಗೋಡಿನಿಂದ ಮಾಹಿಗೆ ಮೂರೂವರೆ, ನಾಲ್ಕು ಗಂಟೆ ಬೇಕು.

ವಯನಾಡಿನ ಕನ್ನಡಿಗರಿಗೆ ಬೇರೆಯೇ ದಾರಿ. ಮಾನಂದವಾಡಿಯಿಂದ ಪೇರಿಯ, ನೆಡುಂಪೊಯಿಲ್ ಘಾಟಿ ಇಳಿದು ಕೂತುಪರಂಬದ ಮೇಲೆ ತಲಶ್ಶೇರಿಗೆ ಸುಮಾರು 80 ಕಿಲೋಮೀಟರು. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿಯುವುದುಂಟು, ಹೊರಡುವ ಮುನ್ನ ವಿಚಾರಿಸಬೇಕು. ಕೊಡಗಿನ ಕಡೆಯಿಂದ ಬರುವವರು ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾರಿಯಾಗಿ ತಲಶ್ಶೇರಿಗೆ ಇಳಿಯುತ್ತಾರೆ.

ಬೈಪಾಸು ಹಿಡಿದರೆ ಮಾಹಿ ಸಿಕ್ಕದು!

ಕಣ್ಣೂರು ದಾಟಿದ ಮೇಲೆ ಒಂದು ಎಚ್ಚರಿಕೆ. ಮುಳಪ್ಪಿಲಂಗಾಡಿನಿಂದ ಅಳಿಯೂರಿಗೆ 18.6 ಕಿಲೋಮೀಟರಿನ ತಲಶ್ಶೇರಿ-ಮಾಹಿ ಬೈಪಾಸು 2024ರ ಮಾರ್ಚ್ 11ರಂದು ಉದ್ಘಾಟನೆಯಾಯಿತು. ಹಿಂದೆ ತಲಶ್ಶೇರಿ ಮತ್ತು ಮಾಹಿ ಪೇಟೆಗಳಲ್ಲಿ ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿ, ಬಸ್ಸುಗಳು ಈಗ ಟೋಲು ಕೊಟ್ಟು ಹೊರಗಿನಿಂದಲೇ ಹೋಗುತ್ತವೆ. ಕಲ್ಲಿಕೋಟೆಗೆ ಹೋಗುವವರಿಗೆ ಅನುಕೂಲವೇ. ಆದರೆ ಮಾಹಿಯನ್ನು ನೋಡಲು ಹೊರಟವರು ಇದನ್ನು ಹಿಡಿದರೆ ಪೇಟೆ ಕಾಣದೆ ಅಳಿಯೂರು ತಲುಪುತ್ತಾರೆ. ತಲಶ್ಶೇರಿ ಪೇಟೆಯ ಒಳಗಿನ ಹಳೆಯ ರಸ್ತೆಯಲ್ಲೇ ಹೋಗಬೇಕು.

ತಲಶ್ಶೇರಿಯಲ್ಲಿ ಅರ್ಧ ದಿನ

ಬೈಪಾಸು ಶುರುವಾಗುವಲ್ಲೇ ಮುಳಪ್ಪಿಲಂಗಾಡು ಕಡಲತೀರ. ಸುಮಾರು 4 ಕಿಲೋಮೀಟರು ಉದ್ದಕ್ಕೆ ಮರಳು ಗಟ್ಟಿಯಾಗಿದ್ದು ಅದರ ಮೇಲೇ ಕಾರು ಓಡಿಸಬಹುದು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಮಳೆಗಾಲದಲ್ಲಿ ಇಳಿಸುವ ಸಾಹಸ ಬೇಡ. ಉಳಿದ ಸಮಯದಲ್ಲೂ ಭರತ ಏರುವ ಹೊತ್ತನ್ನು ಅಲ್ಲಿಯವರಲ್ಲಿ ಕೇಳಿ ತಿಳಿಯಬೇಕು. ಮನೆಗೆ ಬಂದ ಮೇಲೆ ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪಿಗೆ ತುಕ್ಕು ಹಿಡಿಯುತ್ತದೆ.

ತಲಶ್ಶೇರಿಯ ಕೋಟೆಯನ್ನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿ 1708ರಲ್ಲಿ ಕಟ್ಟಿತು. ಕಾಳುಮೆಣಸು, ಏಲಕ್ಕಿಯ ವ್ಯಾಪಾರಕ್ಕಾಗಿ ಕಟ್ಟಿದ ಕೋಟೆ ಅದು. ಮಾಹಿಯಲ್ಲಿ ಫ್ರೆಂಚರು ಬಂದು ನೆಲೆಯೂರಲು ಇದೇ ಕಾರಣ. ಇಂಗ್ಲಿಷರ ಬಗಲಿನಲ್ಲೇ, ಹತ್ತು ಕಿಲೋಮೀಟರಿನೊಳಗೆ, ಅವರದೊಂದು ಮೆಣಸಿನ ಕೋಠಿ ಬೇಕಿತ್ತು.

ಕನ್ನಡ ಓದುಗರು ತಲಶ್ಶೇರಿಯಲ್ಲಿ ತಪ್ಪದೆ ನೋಡಬೇಕಾದದ್ದು ಇಲ್ಲಿಕ್ಕುನ್ನಿನ ಗುಂಡರ್ಟ್ ಬಂಗಲೆ. ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್ 1839ರಿಂದ ಇಲ್ಲಿ ನೆಲೆಸಿ ಮಲಯಾಳದ ಕೆಲಸ ಮಾಡಿದರು. 1847ರಲ್ಲಿ 'ರಾಜ್ಯಸಮಾಚಾರಂ' ಎಂಬ ಮಲಯಾಳದ ಮೊದಲ ಪತ್ರಿಕೆ ಇಲ್ಲಿಂದ ಹೊರಟಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1843ರಲ್ಲಿ, ಅದೇ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದರು. ಗುಂಡರ್ಟರ ಮಲಯಾಳ-ಇಂಗ್ಲಿಷ್ ನಿಘಂಟು ಅಚ್ಚಾದದ್ದು ಮಂಗಳೂರಿನಲ್ಲಿ, 1872ರಲ್ಲಿ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅದೇ ಮಂಗಳೂರಿನಿಂದ 1894ರಲ್ಲಿ ಬಂತು. ಗಡಿಯ ಎರಡೂ ಬದಿಯ ಎರಡು ಭಾಷೆಗಳಿಗೆ ಒಂದೇ ಮಿಶನ್ನಿನ ಛಾಪಖಾನೆ ಕೆಲಸ ಮಾಡಿದೆ ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸ್ಥಳ ಬೇರಿಲ್ಲ.

ಮಾಹಿಯಲ್ಲಿ ನೋಡುವುದೇನು?

ತಲಶ್ಶೇರಿಯಿಂದ ಮಾಹಿಗೆ ಎಂಟು, ಒಂಬತ್ತು ಕಿಲೋಮೀಟರು. ಊರು ಚಿಕ್ಕದು, ಕಾರನ್ನು ಒಂದು ಕಡೆ ನಿಲ್ಲಿಸಿ ನಡೆದೇ ನೋಡಬಹುದು. ಮುಖ್ಯ ರಸ್ತೆ ಇಕ್ಕಟ್ಟು. ಎರಡೂ ಬದಿಯಲ್ಲಿ ಅಂಗಡಿ ಸಾಲು. ಸಮುದ್ರದ ಕಡೆಗೆ ತಿರುಗಿದರೆ ಗದ್ದಲ ಹಿಂದೆ ಬಿದ್ದು ಮರಗಳ ನೆರಳು ಶುರುವಾಗುತ್ತದೆ.

ಹೊಳೆ ಕಡಲು ಸೇರುವಲ್ಲಿ ಫ್ರೆಂಚರ ಕಾಲದ ಸರ್ಕಾರಿ ಬಂಗಲೆಯಿದೆ. ಹಿಂದೆ ಫ್ರೆಂಚ್ ಆಡಳಿತಾಧಿಕಾರಿ ಇದ್ದ ಜಾಗ. ಊರಿನವರು ಅವನನ್ನು 'ಮೂಪ್ಪನ್ ಸಾಯ್ವು' ಎನ್ನುತ್ತಿದ್ದರು, ಅಂದರೆ ಹಿರಿಯ ದೊರೆ. ಈಗ ಮಾಹಿಯ ಪ್ರಾದೇಶಿಕ ಆಡಳಿತಾಧಿಕಾರಿಯ ಕಾರುಬಾರು ಇಲ್ಲಿಂದಲೇ. ಪಕ್ಕದಲ್ಲಿ ಟಾಗೋರ್ ಪಾರ್ಕು. ಅದರೊಳಗೆ ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನ್ ಎಂಬ ಹೆಣ್ಣಿನ ಪ್ರತಿಮೆ. ಆಳಿದವರು ಬಿಟ್ಟು ಹೋದ ಪ್ರತಿಮೆಯನ್ನು ಊರಿನವರು ಕೆಡವದೆ ಉಳಿಸಿಕೊಂಡಿದ್ದಾರೆ.

ಹೊಳೆಯ ದಂಡೆಯಲ್ಲಿ ನಡೆದಾಡಲು ಕಟ್ಟಿದ ದಾರಿಯಿದೆ. ಸಂಜೆ ಐದರ ನಂತರ ಅಲ್ಲಿ ಕೂರುವುದೇ ಸುಖ. ಒಂದು ಕಡೆ ದೋಣಿಗಳು, ಇನ್ನೊಂದು ಕಡೆ ಮುಳುಗುವ ಸೂರ್ಯ. ಆಕಾಶ ತಿಳಿಯಾಗಿದ್ದರೆ ದೂರ ಕಡಲಿನಲ್ಲಿ ವೆಳ್ಳಿಯಾಂಕಲ್ಲು ಎಂಬ ಬಂಡೆ ಕಾಣುತ್ತದೆ. ಮಾಹಿಯಲ್ಲೇ ಹುಟ್ಟಿದ ಕಾದಂಬರಿಕಾರ ಎಂ. ಮುಕುಂದನ್ ತಮ್ಮ 'ಮಯ್ಯಳಿಪ್ಪುಳಯುಡೆ ತೀರಂಗಳಿಲ್' (1974) ಕಾದಂಬರಿಯಲ್ಲಿ ಈ ಬಂಡೆಯನ್ನು ಆತ್ಮಗಳು ತುಂಬಿಯಾಗಿ ಹಾರಾಡುವ ತಾಣ ಮಾಡಿದರು. ಫ್ರೆಂಚರು ಹೋಗುವ ಹೊತ್ತಿನ ಮಾಹಿಯನ್ನು ತಿಳಿಯಲು ಆ ಕಾದಂಬರಿಗಿಂತ ಒಳ್ಳೆಯ ಪುಸ್ತಕ ಸಿಗಲಾರದು. ಮಲಯಾಳ ಓದಬಲ್ಲ ಗಡಿನಾಡ ಕನ್ನಡಿಗರು ಮೂಲದಲ್ಲೇ ಓದಬಹುದು.

ಹೆದ್ದಾರಿಯ ಬದಿಯಲ್ಲೇ ಸಂತ ತೆರೇಸಾ ಇಗರ್ಜಿ. ಇಲ್ಲಿ ಮಿಶನ್ ಆರಂಭವಾದದ್ದು 1736ರಲ್ಲಿ. ಪ್ರತಿವರ್ಷ ಅಕ್ಟೋಬರ್ 5ರಿಂದ 22ರವರೆಗೆ ಜಾತ್ರೆ. 14 ಮತ್ತು 15 ಮುಖ್ಯ ದಿನಗಳು. ಎಲ್ಲ ಜಾತಿ, ಮತದವರೂ ಬಂದು ಹೂಮಾಲೆ, ಮೇಣದ ಬತ್ತಿ ಒಪ್ಪಿಸುತ್ತಾರೆ. ಕಾಸರಗೋಡಿನ ಕಡೆಯಿಂದಲೂ ಹರಕೆ ಹೊತ್ತು ಹೋಗುವವರಿದ್ದಾರೆ. 2024ರ ಫೆಬ್ರವರಿಯಲ್ಲಿ ಇದನ್ನು ಬಸಿಲಿಕ ಎಂದು ಘೋಷಿಸಲಾಯಿತು. ಜಾತ್ರೆಯ ದಿನಗಳಲ್ಲಿ ಹೋದರೆ ಸಂಭ್ರಮ ಸಿಗುತ್ತದೆ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಫ್ರೆಂಚರು, ಇಂಗ್ಲಿಷರು ಮತ್ತು ಹೈದರಾಲಿ

1721ರಲ್ಲಿ ಫ್ರೆಂಚರು ಇಲ್ಲಿಯ ಕಡತ್ತನಾಡಿನ ಅರಸನೊಂದಿಗೆ ಒಪ್ಪಂದ ಮಾಡಿಕೊಂಡು ಕೋಠಿ ಇಟ್ಟರು. ಮುಂದೆ ಮನಸ್ತಾಪವಾಗಿ ಜಾಗ ಕಳಕೊಂಡರು. 1725ರಲ್ಲಿ ಹಡಗುಗಳ ಪಡೆ ತಂದು ಮತ್ತೆ ಹಿಡಿದರು. ಆ ಪಡೆಯಲ್ಲಿ ಮಾಹೆ ದ ಲಾ ಬೂರ್ದೊನೆ ಎಂಬ ತರುಣ ಅಧಿಕಾರಿಯಿದ್ದ. ಮಯ್ಯಳಿ 'ಮಾಹೆ' ಆದದ್ದು ಅವನ ಹೆಸರಿನಿಂದ ಎನ್ನುವವರಿದ್ದಾರೆ, ಮಯ್ಯಳಿ ಎಂಬುದೇ ಫ್ರೆಂಚರ ನಾಲಿಗೆಯಲ್ಲಿ ಮಾಹೆ ಆಯಿತು ಎನ್ನುವವರೂ ಇದ್ದಾರೆ.

ಆಮೇಲಿನ ನೂರು ವರ್ಷ ಈ ಊರು ಚೆಂಡಿನಂತೆ ಕೈಯಿಂದ ಕೈಗೆ ಹೋಯಿತು. ಯುರೋಪಿನಲ್ಲಿ ಯುದ್ಧವಾದಾಗ ಇಂಗ್ಲಿಷರು ಹಿಡಿಯುವುದು, ಸಂಧಿಯಾದಾಗ ಬಿಟ್ಟುಕೊಡುವುದು. 1761ರಲ್ಲಿ, 1779ರಲ್ಲಿ, 1793ರಲ್ಲಿ ಮೂರು ಸಲ ಹೀಗಾಯಿತು. ಕೊನೆಗೆ 1817ರಲ್ಲಿ ಫ್ರೆಂಚರಿಗೆ ಮರಳಿ ಸಿಕ್ಕಿತು.

ಇದರಲ್ಲಿ 1779ರ ಘಟನೆ ಮೈಸೂರಿನ ಚರಿತ್ರೆಗೆ ಸೇರಿದ್ದು. ಹೈದರಾಲಿಗೆ ಫ್ರೆಂಚರಿಂದ ಬರುವ ಕೋವಿ, ಮದ್ದುಗುಂಡು ಇಳಿಯುತ್ತಿದ್ದ ಬಂದರು ಮಾಹಿ. ಅದು ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಅವನು ಇಂಗ್ಲಿಷರಿಗೆ ತಿಳಿಸಿದ್ದ. ಅವರು ಕೇಳಲಿಲ್ಲ. ಮಾಹಿ ಅವರ ಕೈವಶವಾಯಿತು. ಮರುವರ್ಷ, 1780ರಲ್ಲಿ, ಎರಡನೆಯ ಮೈಸೂರು ಯುದ್ಧ ಶುರುವಾಗಲು ಇದೂ ಒಂದು ಮುಖ್ಯ ಕಾರಣ. ಶಾಲೆಯಲ್ಲಿ ಮೈಸೂರು ಯುದ್ಧಗಳ ಇಸವಿ ಬಾಯಿಪಾಠ ಮಾಡುವ ಮಕ್ಕಳಿಗೆ ಆ ಬಂದರು ಇದೇ ಎಂದು ತೋರಿಸಬಹುದು.

ಬಿಡುಗಡೆ ತಡವಾಗಿ ಬಂತು

1947ರ ಆಗಸ್ಟ್ 15ರಂದು ಸುತ್ತಲಿನ ಮಲಬಾರು ಸ್ವತಂತ್ರವಾದಾಗ ಮಾಹಿಯ ಮೇಲೆ ಫ್ರೆಂಚ್ ಬಾವುಟವೇ ಹಾರುತ್ತಿತ್ತು. ಐ.ಕೆ. ಕುಮಾರನ್ ಮಾಸ್ಟರ್ ಅವರ ಮುಂದಾಳುತನದಲ್ಲಿ ಮಹಾಜನ ಸಭೆ ಹೋರಾಟಕ್ಕಿಳಿಯಿತು. 1948ರ ಅಕ್ಟೋಬರಿನಲ್ಲಿ ಜನ ಸರ್ಕಾರಿ ಕಚೇರಿಯನ್ನೇ ವಶಪಡಿಸಿಕೊಂಡರು. ಕೆಲವೇ ದಿನಗಳಲ್ಲಿ ಫ್ರೆಂಚ್ ಯುದ್ಧನೌಕೆ ಬಂತು, ಊರು ಮತ್ತೆ ಅವರ ಕೈಗೆ ಹೋಯಿತು. ಹೋರಾಟಗಾರರು ಗಡಿ ದಾಟಿ ಭಾರತದ ನೆಲದಲ್ಲಿ ಉಳಿದು ಚಳವಳಿ ಮುಂದುವರಿಸಬೇಕಾಯಿತು. ಆ ಗಡಿ ಎಂದರೆ ಇಂದು ಆಟೋರಿಕ್ಷಾ ಎರಡು ನಿಮಿಷದಲ್ಲಿ ದಾಟುವ ಸೇತುವೆ!

1954ರ ಏಪ್ರಿಲಿನಲ್ಲಿ ಚೆರುಕಲ್ಲಾಯಿ ಗುಡ್ಡದಲ್ಲಿ ನಡೆದ ಗುಂಡಿನ ದಾಳಿಗೆ ಇಬ್ಬರು ಹೋರಾಟಗಾರರು ಬಲಿಯಾದರು. ಅದೇ ವರ್ಷ ಜುಲೈ 16ರಂದು ಫ್ರೆಂಚರು ಮಾಹಿಯನ್ನು ಬಿಟ್ಟು ಹೊರಟರು. ನವೆಂಬರ್ 1ರಂದು ಎಲ್ಲ ಫ್ರೆಂಚ್ ನೆಲೆಗಳ ಆಡಳಿತ ಭಾರತಕ್ಕೆ ಬಂತು. 1956ರ ಮೇ 28ರಂದು ಎರಡೂ ದೇಶಗಳ ನಡುವೆ ಒಪ್ಪಂದಕ್ಕೆ ಸಹಿ ಬಿತ್ತು. ಅದು ಪೂರ್ಣವಾಗಿ ಜಾರಿಗೆ ಬಂದದ್ದು 1962ರ ಆಗಸ್ಟ್ 16ರಂದು. ಪುದುಚೇರಿ, ಕಾರೈಕಾಲ್, ಮಾಹಿ, ಯಾನಂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಇವುಗಳಲ್ಲಿ ಯಾನಂ ಇರುವುದು ಆಂಧ್ರದ ಕಾಕಿನಾಡದ ಹತ್ತಿರ, ತೆಲುಗು ಮಾತಾಡುವ ನೆಲದಲ್ಲಿ.

ಕಾಗದದ ಮೇಲಿನ ಮಾತು

ಗಡಿನಾಡಿನವರು ಗಮನಿಸಬೇಕಾದ ಸಂಗತಿ ಈ ಒಪ್ಪಂದದಲ್ಲಿದೆ. ಈ ನೆಲೆಗಳಿಗೆ ಇರುವ ವಿಶೇಷ ಆಡಳಿತ ಸ್ಥಾನ ಮುಂದುವರಿಯುತ್ತದೆ, ಮುಂದೆ ಅದರಲ್ಲಿ ಬದಲಾವಣೆ ಮಾಡುವುದಾದರೆ ಜನರ ಅಭಿಪ್ರಾಯವನ್ನು ತಿಳಿದೇ ಮಾಡಬೇಕು ಎಂದು ಅದರಲ್ಲಿ ಬರೆಯಲಾಗಿದೆ. 1979ರಲ್ಲಿ ಈ ನೆಲೆಗಳನ್ನು ಪಕ್ಕದ ರಾಜ್ಯಗಳಿಗೆ ಸೇರಿಸುವ ಮಾತು ದೆಹಲಿಯಲ್ಲಿ ಎದ್ದಾಗ ಪುದುಚೇರಿಯಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಆ ಮಾತು ಅಲ್ಲಿಗೇ ನಿಂತಿತು.

ಭಾಷೆಯ ವಿಷಯದಲ್ಲೂ ಹಾಗೆಯೇ. 1965ರ ಅಧಿಕೃತ ಭಾಷಾ ಕಾಯ್ದೆ ಪುದುಚೇರಿಗೆ ತಮಿಳನ್ನು ಕೊಟ್ಟಿತು, ಜತೆಗೆ ಮಾಹಿಯಲ್ಲಿ ಮಲಯಾಳವನ್ನೂ ಯಾನಂನಲ್ಲಿ ತೆಲುಗನ್ನೂ ಬಳಸಬಹುದೆಂದಿತು. ಇಡೀ ಪ್ರದೇಶದಲ್ಲಿ ಮಲಯಾಳಿಗಳು ಅಲ್ಪಸಂಖ್ಯಾತರು. ಆದರೂ ಒಂಬತ್ತು ಚದರ ಕಿಲೋಮೀಟರಿಗಾಗಿ ಕಾನೂನಿನಲ್ಲಿ ಒಂದು ಸಾಲು ಬರೆದರು. ಶಾಲೆಗಳಲ್ಲಿಯೂ ಬಹುಕಾಲ ಮಾಹಿಗೆ ಕೇರಳದ ಪಠ್ಯ, ಯಾನಂಗೆ ಆಂಧ್ರದ ಪಠ್ಯ ನಡೆಯಿತು. ಈಚಿನ ವರ್ಷಗಳಲ್ಲಿ ಪುದುಚೇರಿ ತನ್ನ ಸರ್ಕಾರಿ ಶಾಲೆಗಳನ್ನು ಸಿ.ಬಿ.ಎಸ್.ಇ. ಪಠ್ಯಕ್ರಮಕ್ಕೆ ಒಯ್ದಿದೆ.

ಇದರ ಪಕ್ಕದಲ್ಲಿ ಕಾಸರಗೋಡಿನ ಕಥೆ ಇಟ್ಟು ನೋಡಬಹುದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರನ್ನು ಹಾಗೆ ಕೇಳಿದವರಿಲ್ಲ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಶತಾಯುಷಿಯಾಗಿ 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಬೇಡಿಕೆಯನ್ನು ಹೇಳುತ್ತಲೇ ಇದ್ದರು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು.

ಮಾಹಿಯವರಿಗೆ ಎಲ್ಲವೂ ಸುಖವೆಂದಲ್ಲ. ಪುದುಚೇರಿಯ ವಿಧಾನಸಭೆಗೆ ಚುನಾಯಿತರಾಗುವ 30 ಮಂದಿಯಲ್ಲಿ ಮಾಹಿಯಿಂದ ಹೋಗುವವರು ಒಬ್ಬರೇ. ಹಿಂದೆ ಎರಡು ಕ್ಷೇತ್ರವಿತ್ತು, 2011ರ ಚುನಾವಣೆಯಿಂದ ಒಂದಾಯಿತು. ಉಚ್ಚ ನ್ಯಾಯಾಲಯ ಮದ್ರಾಸಿನದು. ಪಕ್ಕದ ತಲಶ್ಶೇರಿಯಲ್ಲಿ ಆಗುವ ಕೆಲಸಕ್ಕೆ ಬಂಗಾಳ ಕೊಲ್ಲಿಯ ದಡದಿಂದ ಅಪ್ಪಣೆ ಬರಬೇಕು. ಆದರೂ ತಮ್ಮ ಸ್ಥಾನ ಬದಲಾಗುವುದಾದರೆ ತಮ್ಮನ್ನು ಕೇಳಬೇಕು ಎಂಬ ಮಾತು ಬರಹದಲ್ಲಿದೆ. ಸಣ್ಣ ಊರಿಗೆ ಅದೇ ದೊಡ್ಡ ಬಲ.

ಅಗ್ಗದ ಪೆಟ್ರೋಲು, ಅಗ್ಗದ ಮದ್ಯ

ಬಹಳ ಮಂದಿಗೆ ಮಾಹಿ ಎಂದರೆ ನೆನಪಾಗುವುದು ಇವೆರಡೇ. ತೆರಿಗೆ ಕಡಿಮೆಯಾದ್ದರಿಂದ ಪೆಟ್ರೋಲು, ಡೀಸೆಲು ಕೇರಳಕ್ಕಿಂತ ಅಗ್ಗ. ಬಂಕುಗಳ ಮುಂದೆ ಕೇರಳದ ಗಾಡಿಗಳ ಸಾಲು ಇದ್ದೇ ಇರುತ್ತದೆ. ಟ್ಯಾಂಕು ತುಂಬಿಸಿಕೊಂಡು ಬರಬಹುದು.

ಮದ್ಯದ ಅಂಗಡಿಗಳು ಪೇಟೆಯ ಉದ್ದಕ್ಕೂ ಇವೆ. ಆದರೆ ಅಲ್ಲಿ ಕೊಂಡ ಬಾಟಲಿಯನ್ನು ಪರವಾನಗಿಯಿಲ್ಲದೆ ಸೇತುವೆ ದಾಟಿಸಿದರೆ ಕೇರಳದ ಕಾನೂನಿನಂತೆ ಅಪರಾಧ. ಅಬಕಾರಿಯವರು ಬಸ್ಸು, ಕಾರು ತಡೆದು ನೋಡುವುದುಂಟು. ಸಂಸಾರ ಸಮೇತ ಹೋದವರು ಪೊಲೀಸು ಠಾಣೆಯಲ್ಲಿ ಕೂರುವ ಹಾಗೆ ಮಾಡಿಕೊಳ್ಳಬಾರದು. ರಾತ್ರಿ ತಂಗಲು ತಲಶ್ಶೇರಿಯಲ್ಲಿ ಕೋಣೆ ಹಿಡಿದು, ಸಂಜೆಯ ಹೊತ್ತನ್ನು ಮಾತ್ರ ಮಾಹಿಯಲ್ಲಿ ಕಳೆಯುವುದು ಹೆಂಗಸರು ಮಕ್ಕಳಿಗೆ ನೆಮ್ಮದಿ.

ಊಟ, ತಿಂಡಿ

ತಲಶ್ಶೇರಿ ಬಿರಿಯಾನಿಗೆ ಸಣ್ಣಕ್ಕಿ, ಖಾರ ಕಡಿಮೆ, ಮಕ್ಕಳೂ ತಿನ್ನಬಹುದು. ಕಡಲ ಚಿಪ್ಪಿನ ಕಲ್ಲುಮ್ಮಕ್ಕಾಯಿ, ಬಾಳೆಹಣ್ಣಿನೊಳಗೆ ತೆಂಗಿನಕಾಯಿ ತುಂಬಿ ಕರಿದ ಉನ್ನಕ್ಕಾಯಿ ಇಲ್ಲಿಯ ವಿಶೇಷ. ಸಸ್ಯಾಹಾರಿಗಳು ಪೇಟೆಯ ಹೋಟೆಲುಗಳಲ್ಲಿ ದೋಸೆ, ಪುಟ್ಟು-ಕಡಲೆ, ಪಳಂಪೊರಿ ಕೇಳಬಹುದು. ಪಳಂಪೊರಿ ಎಂದರೆ ಬಾಳೆಹಣ್ಣಿನ ಪೋಡಿಯೇ. ತಲಶ್ಶೇರಿಯ ಬೇಕರಿಗಳಿಗೆ ಹಳೆಯ ಹೆಸರಿದೆ. ಮಾಂಬಳ್ಳಿ ಬಾಪು ಎಂಬವರು 1883ರಲ್ಲಿ ಇಲ್ಲಿ ಕ್ರಿಸ್ಮಸ್ ಕೇಕು ಮಾಡಿದರೆಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ.

ಎರಡು ದಿನದ ಲೆಕ್ಕ

ಮೊದಲ ದಿನ: ಬೆಳಿಗ್ಗೆ ಬೇಗ ಕಾಸರಗೋಡು ಬಿಟ್ಟು ಬೇಕಲ. ಮಧ್ಯಾಹ್ನ ಕಣ್ಣೂರಿನಲ್ಲಿ ಊಟ. ಬಿಸಿಲಿಳಿದ ಮೇಲೆ ಮುಳಪ್ಪಿಲಂಗಾಡು. ರಾತ್ರಿ ತಲಶ್ಶೇರಿ.

ಎರಡನೆಯ ದಿನ: ಬೆಳಿಗ್ಗೆ ತಲಶ್ಶೇರಿ ಕೋಟೆ, ಗುಂಡರ್ಟ್ ಬಂಗಲೆ. ಅಲ್ಲಿಂದ ಮಾಹಿಯ ಇಗರ್ಜಿ, ಪಾರ್ಕು, ಹೊಳೆಬದಿ. ಊಟ ಮುಗಿಸಿ ವಾಪಸು. ಸಮಯವಿದ್ದರೆ 1505ರಲ್ಲಿ ಪೋರ್ಚುಗೀಸರು ಕಟ್ಟಿದ ಕಣ್ಣೂರಿನ ಸೇಂಟ್ ಏಂಜೆಲೋ ಕೋಟೆ, ಇಲ್ಲವೇ ತಳಿಪ್ಪರಂಬದ ಹತ್ತಿರದ ಪರಶ್ಶಿನಿಕ್ಕಡವು ಮುತ್ತಪ್ಪನ ದರ್ಶನ. ಮಾಹಿಯಲ್ಲಿ ಸೂರ್ಯಾಸ್ತವೇ ಬೇಕೆನ್ನುವವರು ಮೊದಲ ದಿನ ಮುಳಪ್ಪಿಲಂಗಾಡನ್ನು ಬಿಟ್ಟು ನೇರ ಮಾಹಿಗೆ ಹೋಗಿ, ರಾತ್ರಿಗೆ ತಲಶ್ಶೇರಿಗೆ ಮರಳಬೇಕು.

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಏಪ್ರಿಲ್, ಮೇಯಲ್ಲಿ ಸೆಕೆ ಹೆಚ್ಚು. ಜೂನಿನಿಂದ ಆಗಸ್ಟಿನವರೆಗೆ ಹೊಳೆ ತುಂಬಿ ನೋಡಲು ಚೆಂದ, ಆದರೆ ಕಡಲಿಗಿಳಿಯುವಂತಿಲ್ಲ. ಹೊಳೆ ಕಡಲು ಸೇರುವಲ್ಲಿ ಸೆಳೆತ ಯಾವ ಕಾಲದಲ್ಲೂ ಇರುತ್ತದೆ, ಮಕ್ಕಳ ಕೈ ಬಿಡಬಾರದು. ಕಾರಿಲ್ಲದವರು ಮಂಗಳೂರು, ಕಾಸರಗೋಡಿನಿಂದ ರೈಲಿನಲ್ಲಿ ತಲಶ್ಶೇರಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಎಲ್ಲ ರೈಲುಗಳೂ ಮಾಹಿಯಲ್ಲಿ ನಿಲ್ಲುವುದಿಲ್ಲ.